ಡೆಲ್ಫ್ಟ್ ಟೈಲ್ ಮೇಲೆ ನೀಲಿ ಚಿತ್ರ ಬರೆಯುವುದು ಹೇಗೆ?

18ನೇ ಶತಮಾನದಲ್ಲಿ ಲಂಡನ್ನಿನ ಲ್ಯಾಂಬೆತ್, ಬ್ರಿಸ್ಟಲ್, ಲಿವರ್‌ಪೂಲ್‌ಗಳಲ್ಲಿ ತಯಾರಾಗುತ್ತಿದ್ದ ಬಿಳಿ-ನೀಲಿ ಡೆಲ್ಫ್ಟ್ ಟೈಲ್ (ಹಾಲೆಂಡಿನ ಡೆಲ್ಫ್ಟ್ ಊರಿನ ಹೆಸರು ಪಡೆದ, ಬಿಳಿ ಲೇಪದ ಮೇಲೆ ಚಿತ್ರ ಬರೆದ ಬಿಲ್ಲೆ) ನನಗೆ ತುಂಬಾ ಇಷ್ಟ. ಅದನ್ನು ಮಾಡಲು ಹೊರಟವರು ಸೋಲುವುದನ್ನೂ ಕಂಡಿದ್ದೇನೆ. ಬಹುತೇಕ ಎಲ್ಲರೂ ಎಡವುವುದು ಕುಂಚ ಹಿಡಿದಾಗ.

ಮೊದಲು, ಒಮ್ಮೆ ಸುಟ್ಟ, ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಇಲ್ಲದ ಮಣ್ಣಿನ ಟೈಲ್ ತನ್ನಿ. ಸುಮಾರು 13 ಸೆಂ.ಮೀ. ಚದರ ಸಾಕು.

ನಂತರ ಬಿಳಿ ಗ್ಲೇಜ್ ಹಾಕಿ ಒಣಗಿಸಿ. ಆಗಿನವರು ಸೀಸದ ಗ್ಲೇಜ್‌ಗೆ ತವರದ ಬೂದಿ ಬೆರೆಸುತ್ತಿದ್ದರು. ಆ ಬಿಳುಪು ತವರದ್ದೇ. ಸೀಸ ವಿಷ, ನಮಗೆ ಬೇಡ. ಸೀಸವಿಲ್ಲದ, ತವರ ಇರುವ ಗ್ಲೇಜ್ ಕೊಳ್ಳಿ. ತವರದ ಬದಲು ಜಿರ್ಕೋನಿಯಂ ಹಾಕಿದ್ದು ಅಗ್ಗ, ಆದರೆ ಅದರ ಬಿಳುಪಿನಲ್ಲಿ ಆ ಮೃದುತನ ಇಲ್ಲ. ಸುಡುವುದೇ ಬೇಡ ಎಂದು ಮಾರುವ ಸೆರಾಮಿಕ್ ಪೇಂಟ್ ಅಂತೂ ಬೇಡವೇ ಬೇಡ. ಉಗುರಿನಿಂದ ಕೆರೆದರೆ ಎದ್ದುಬರುತ್ತದೆ.

ಚಿತ್ರವನ್ನು ಕಾಗದದ ಮೇಲೆ ಬರೆದು ಗೆರೆಯುದ್ದಕ್ಕೂ ಸೂಜಿ ಚುಚ್ಚಿ. ಟೈಲ್ ಮೇಲಿಟ್ಟು ಇದ್ದಿಲ ಪುಡಿ ಕಟ್ಟಿದ ಬಟ್ಟೆಗಂಟಿನಿಂದ ತಟ್ಟಿ. ಆ ಚುಕ್ಕೆಗಳು ಆವಿಗೆಯಲ್ಲಿ ಸುಟ್ಟುಹೋಗುತ್ತವೆ.

ಈಗ ಕಷ್ಟದ ಕೆಲಸ. ಸುಡದ ಗ್ಲೇಜ್ ಹೊಸ ಸುಣ್ಣದ ಗೋಡೆಯಂತೆ ನೀರನ್ನು ತಕ್ಷಣ ಹೀರುತ್ತದೆ. ಕುಂಚ ತಡೆದಲ್ಲಿ ಕಪ್ಪು ಗಂಟು ಬೀಳುತ್ತದೆ. ಒರೆಸಲು ಹೋದರೆ ಗ್ಲೇಜೇ ಏಳುತ್ತದೆ. ಅದಕ್ಕೆ ಉದ್ದ ಕೂದಲಿನ ಕುಂಚ ಬೇಕು. ಬಣ್ಣ ತುಂಬಾ ಹೀರಿಸಿ, ನೇರವಾಗಿ ಹಿಡಿದು, ಗೆರೆಯನ್ನು ಒಂದೇ ಸಲಕ್ಕೆ ಎಳೆಯಿರಿ. ಅಂಗೈ ಟೈಲಿಗೆ ತಾಗದಂತೆ ಅಡ್ಡಪಟ್ಟಿಯ ಮೇಲೆ ಇಡಿ. ತಪ್ಪಿದ ಗೆರೆಯನ್ನು ಪೂರ್ತಿ ಒಣಗಿದ ಮೇಲೆ ಸೂಜಿಯಿಂದ ಮೆಲ್ಲಗೆ ಕೆರೆಯಿರಿ.

ನೀಲಿ ಕೊಡುವ ಕೋಬಾಲ್ಟ್ ಎಂಬ ಲೋಹದ ಬಣ್ಣ ಇನ್ನೊಂದು ಮೋಸ. ಒದ್ದೆಯಿದ್ದಾಗ ಕಪ್ಪಾಗಿ ಕಾಣುವ ಆಕ್ಸೈಡ್ ಸುಟ್ಟ ಮೇಲೆ ನೀಲಿ. ದಪ್ಪ ಬಳಿದರೆ ಕಪ್ಪಾಗಿಯೇ ಉಳಿಯುತ್ತದೆ. ಹಾಗಾಗಿ ಒಡೆದ ಚೂರಿನ ಮೇಲೆ ತೆಳುವಿನಿಂದ ದಪ್ಪದವರೆಗೆ ಪಟ್ಟಿ ಬರೆದು ಮೊದಲು ಸುಟ್ಟು ನೋಡಿ. ಪುಡಿ ಕಲೆಸುವಾಗ ಮಾಸ್ಕ್ ಇರಲಿ. ಮರದ ಎಲೆಗಳಿಗೆ ಕುಂಚ ಬೇಡ. ಬ್ರಿಸ್ಟಲ್‌ನವರಂತೆ ಚಿಕ್ಕ ಸ್ಪಂಜಿನ ತುಂಡನ್ನು ಬಣ್ಣದಲ್ಲಿ ಅದ್ದಿ, ಹಿಂಡಿ, ಒಮ್ಮೆ ಒತ್ತಿ ತೆಗೆಯಿರಿ. ತಿರುಗಿಸಬೇಡಿ.

ಇಷ್ಟೆಲ್ಲ ಯಾಕೆ, ಅಚ್ಚು ಹಾಕಿದ ಚಿತ್ರ ಅಂಟಿಸಬಹುದಲ್ವಾ ಅಂತ ಕೇಳುತ್ತಾರೆ. 1756ರಲ್ಲೇ ಲಿವರ್‌ಪೂಲ್‌ನ ಜಾನ್ ಸ್ಯಾಡ್ಲರ್, ಗೈ ಗ್ರೀನ್ ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಟೈಲ್‌ಗೆ ಅಚ್ಚು ಹಾಕಿದ್ದಾಗಿ ಪ್ರಮಾಣ ಮಾಡಿದ್ದರು. ಆದರೆ ಅದು ಸುಟ್ಟ ಗ್ಲೇಜಿನ ಮೇಲಿನ ಚಿತ್ರ. ನೀಲಿ ಬಣ್ಣವು ಗ್ಲೇಜಿನೊಳಕ್ಕೆ ಇಳಿಯುವ ಚೆಂದ ಬೇಕಿದ್ದರೆ ಕೈಯಲ್ಲೇ ಬರೆಯಿರಿ.

ಕೊನೆಗೆ, ಗ್ಲೇಜ್ ಡಬ್ಬಿಯಲ್ಲಿ ಹೇಳಿದ ಶಾಖಕ್ಕೆ ಸುಡಿ. ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಜಾಸ್ತಿ. ಆವಿಗೆ 100 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಬಾಗಿಲು ತೆಗೆಯಬೇಡಿ, ಟೈಲ್ ಬಿರುಕು ಬಿಡುತ್ತದೆ.