ಅಕ್ವೇರಿಯಂ ಮೀನಿಗೆ ಔಷಧಿ: ಮೊದಲು ಲೀಟರ್ ಲೆಕ್ಕ, ಆಮೇಲೆ ಬಾಟಲಿ

ಮನೆ ಅಕ್ವೇರಿಯಂಗಳಲ್ಲಿ ಕಾಯಿಲೆಯಿಂದ ಮಾತ್ರವಲ್ಲ, ಔಷಧಿಯಿಂದಲೂ ಮೀನು ಸಾಯುತ್ತದೆ. ಸಾಮಾನ್ಯವಾಗಿ ಕಾರಣ ಎರಡೇ. ಒಂದು, ತೊಟ್ಟಿಯಲ್ಲಿ ಎಷ್ಟು ನೀರಿದೆ ಅಂತ ತಿಳಿಯದೆ ಅಂದಾಜಿಗೆ ಸುರಿಯುವುದು. ಇನ್ನೊಂದು, ನೀರೇ ಕೆಟ್ಟಿರುವಾಗ ಅದನ್ನು ರೋಗ ಅಂದುಕೊಳ್ಳುವುದು.

ಎರಡನೆಯದನ್ನು ಮೊದಲು ನೋಡಿ. ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಕಿವಿರು ಕೆಂಪಾಗಿ ಉರಿದಂತೆ ಕಂಡರೆ, ಹೆಚ್ಚಾಗಿ ಅದು ಮೀನಿನ ಹೇಸಿಗೆಯಿಂದ ನೀರಿನಲ್ಲಿ ಸೇರುವ ವಿಷ, ಅಮೋನಿಯಾ ಇಲ್ಲವೇ ನೈಟ್ರೈಟ್. ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಅರ್ಧ ನೀರು ಬದಲಿಸಿ, ಒಂದು ದಿನ ಆಹಾರ ನಿಲ್ಲಿಸಿ, ಗಾಳಿ ಜೋರು ಮಾಡಿ. ಬಾಟಲಿ ಮುಟ್ಟಬೇಡಿ. ಚಿತ್ರದುರ್ಗದ ಕಡೆ ಬೋರ್ ನೀರು ತುಂಬಿಸುವವರು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಕೂಡ ನೋಡಬೇಕು. ಪಿಎಚ್ 7 ಇದ್ದದ್ದು 8 ಆದರೆ ಅಮೋನಿಯಾದ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟು ಏರುತ್ತದೆ. ಪಕ್ಕದ ಮನೆಯಲ್ಲಿ ಏನೂ ಆಗದ ಅಮೋನಿಯಾ ನಿಮ್ಮ ತೊಟ್ಟಿಯಲ್ಲಿ ಮೀನು ಕೊಲ್ಲುವುದು ಹೀಗೆ.

ನೀರು ಸರಿಯಿದ್ದೂ ಮೀನಿಗೆ ಹುಷಾರಿಲ್ಲ ಎಂದಾದರೆ ಟೇಪು ಹಿಡಿಯಿರಿ. ಒಳಗಿನ ಉದ್ದ, ಅಗಲ, ಮತ್ತು ಕಲ್ಲಿನ ಹಾಸಿನ ಮೇಲಿಂದ ನೀರಿನ ಮಟ್ಟದವರೆಗಿನ ಎತ್ತರ, ಎಲ್ಲ ಸೆಂಟಿಮೀಟರ್‌ನಲ್ಲಿ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. ಅಂಗಡಿಯವರು "ಅರವತ್ತು ಲೀಟರ್" ಎಂದು ಕೊಟ್ಟ ಎರಡಡಿ ತೊಟ್ಟಿಯೊಳಗೆ 59 × 29 × 27 ಬಂತೆನ್ನಿ, ಅಲ್ಲಿರುವುದು 46 ಲೀಟರ್. ಅರವತ್ತಕ್ಕೆ ಹಾಕಿದರೆ ಡೋಸು ಶೇ. 30 ಹೆಚ್ಚು. ಮ್ಯಾಲಕೈಟ್ ಗ್ರೀನ್‌ನಂಥ ಔಷಧಿಯಲ್ಲಿ ಈ ವ್ಯತ್ಯಾಸವೇ ಸಾಕು. ಚಮಚ, ಮುಚ್ಚಳ, ಹನಿ ಯಾವುದನ್ನೂ ನಂಬಬೇಡಿ. ಮೆಡಿಕಲ್ ಸ್ಟೋರಿನಿಂದ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ತನ್ನಿ, ಉಪ್ಪಿಗೆ ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇರಲಿ.

ಬೇರೆ ಟಬ್ಬು ಯಾವಾಗ, ಇಡೀ ತೊಟ್ಟಿ ಯಾವಾಗ

ಗಾಯ, ರೆಕ್ಕೆ ಕೊಳೆತ, ಹತ್ತಿಯಂಥ ಬೂಷ್ಟು ಒಂದೇ ಮೀನಿಗಿದ್ದರೆ ಅದನ್ನು ಬೇರೆ ಮಾಡಿ. 20 ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಟಬ್ಬು ಸಾಕು. ಅದಕ್ಕೆ ಹಳೆ ತೊಟ್ಟಿಯದೇ ನೀರು, ಅಲ್ಲಿಯೇ ಓಡುತ್ತಿದ್ದ ಸ್ಪಾಂಜ್ ಫಿಲ್ಟರ್, ಏರ್ ಪಂಪ್, ಮೇಲೊಂದು ಜಾಲರಿ. ಕಲ್ಲು, ಗಿಡ ಬೇಡ, ಕಲ್ಲು ಔಷಧಿ ಹೀರುತ್ತದೆ. ಕರೆಂಟು ಹೋದಾಗ ಓಡಲು ಬ್ಯಾಟರಿ ಪಂಪ್ ಒಂದಿದ್ದರೆ ನೆಮ್ಮದಿ.

ಇಕ್ ಎಂಬ ಬಿಳಿ ಚುಕ್ಕಿ ರೋಗ ಮಾತ್ರ ಹೀಗಲ್ಲ. ಮೈಮೇಲೆ ರವೆ ಉದುರಿದಂತೆ ಬಿಳಿ ಚುಕ್ಕಿ, ಮೀನು ಕಲ್ಲಿಗೆ ಮೈ ಉಜ್ಜುವುದು. ಡಿಸೆಂಬರ್-ಜನವರಿಯಲ್ಲಿ ರಾತ್ರಿ ನೀರು ತಣ್ಣಗಾಗುವಾಗ ಇದು ಹೆಚ್ಚು. ಚುಕ್ಕಿಯೊಳಗಿರುವ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಬಲಿತು ಕೆಳಗೆ ಬಿದ್ದು, ಕಲ್ಲಿನ ನಡುವೆ ಸಾವಿರಾರಾಗಿ ಒಡೆದು, ಮರಿಗಳು ಈಜಾಡುವ ಹೊತ್ತಿನಲ್ಲಷ್ಟೇ ಸಾಯುತ್ತದೆ. ಹಾಗಾಗಿ ಒಂದು ಮೀನನ್ನು ಎತ್ತಿಟ್ಟು ಪ್ರಯೋಜನವಿಲ್ಲ, ಇಡೀ ತೊಟ್ಟಿಗೇ ಚಿಕಿತ್ಸೆ ಆಗಬೇಕು. ಎರಡು ದಿನದಲ್ಲಿ ಚುಕ್ಕಿ ಮಾಯವಾಯಿತೆಂದು ನಿಲ್ಲಿಸಿದರೆ ವಾರದಲ್ಲಿ ಮತ್ತೆ ಬರುತ್ತದೆ.

ಇದಕ್ಕೆ ಮನೆಯಲ್ಲೇ ಆಗುವಂಥದ್ದು ಉಪ್ಪು ಮತ್ತು ಬಿಸಿ. ದಪ್ಪ ಉಪ್ಪು ಲೀಟರಿಗೆ 2 ಗ್ರಾಂ, ಮೇಲಿನ 46 ಲೀಟರಿಗೆ 92 ಗ್ರಾಂ. ಮೂರು ಪಾಲು ಮಾಡಿ, ಪಾಲಿಗೆ ಸುಮಾರು 30 ಗ್ರಾಂ, ತೊಟ್ಟಿಯದೇ ನೀರಲ್ಲಿ ಪೂರ್ತಿ ಕರಗಿಸಿ, ಹನ್ನೆರಡು ಗಂಟೆಗೊಂದರಂತೆ ಗಾಳಿಗುಳ್ಳೆಯ ಬಳಿ ನಿಧಾನ ಸುರಿಯಿರಿ. ಹೀಟರಿನಿಂದ ಉಷ್ಣತೆಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28-30ಕ್ಕೆ ಏರಿಸಿ. ಕೆಳಗಿನ ಕಸವನ್ನು ಪ್ರತಿದಿನ ಸೈಫನ್‌ನಿಂದ ಎಳೆಯಿರಿ. ಕೊನೆ ಚುಕ್ಕಿ ಹೋದ ಮೇಲೂ ಐದು ದಿನ ಮುಂದುವರಿಸಿ. ಗಿಡಗಳು ಕೆಲವು ಬಾಡುತ್ತವೆ, ಬಸವನಹುಳು ಸಾಯಬಹುದು, ಮೊದಲೇ ತೆಗೆಯಿರಿ. ಕೋರಿಡೋರಸ್, ಲೋಚ್‌ನಂಥ ತಳದ ಮೀನುಗಳಿಗೆ ಲೀಟರಿಗೆ 1 ಗ್ರಾಂನಿಂದ ಆರಂಭಿಸಿ, ನೋಡಿಕೊಂಡು ಏರಿಸಿ.

ಉಪ್ಪಿನ ಲೆಕ್ಕ ತಪ್ಪುವುದು ನೀರು ಬದಲಿಸುವಾಗ. ಉಪ್ಪು ಆವಿಯಾಗುವುದಿಲ್ಲ. ಬೇಸಿಗೆಯಲ್ಲಿ ಇಳಿದ ಮಟ್ಟವನ್ನು ಬರೀ ನೀರಿನಿಂದ ತುಂಬಿ. 12 ಲೀಟರ್ ತೆಗೆದಿದ್ದರೆ ಮಾತ್ರ 24 ಗ್ರಾಂ ಮತ್ತೆ ಸೇರಿಸಿ, 92 ಅಲ್ಲ.

ಬೂಷ್ಟಿನಂತೆ ಕಾಣುವ ಇನ್ನೊಂದಿದೆ, ಕಾಲಮ್ನಾರಿಸ್. ಬಾಯಿ ಸುತ್ತ ಅಥವಾ ಬೆನ್ನ ಮೇಲೆ ಕುದುರೆ ಜೀನಿನಂತೆ ಬಿಳಿ ತೇಪೆ, ಒಂದೆರಡು ದಿನದಲ್ಲಿ ಹರಡಿಬಿಡುತ್ತದೆ. ಇದು ಬ್ಯಾಕ್ಟೀರಿಯಾ. ಇಕ್ ಅಂದುಕೊಂಡು ನೀರು ಬಿಸಿ ಮಾಡಿದರೆ ಇನ್ನೂ ಜೋರಾಗುತ್ತದೆ.

ನಿಜವಾದ ಬೂಷ್ಟಿಗೆ ಟಬ್ಬಿನಲ್ಲಿ ಮೆಥಿಲೀನ್ ಬ್ಲೂ, ಲೀಟರಿಗೆ 2 ಮಿಲಿಗ್ರಾಂ. ಶೇ. 1ರ ದ್ರಾವಣದಲ್ಲಿ 1 ಎಂಎಲ್‌ಗೆ 10 ಮಿಲಿಗ್ರಾಂ ಇರುತ್ತದೆ, ಅಂದರೆ 20 ಲೀಟರಿಗೆ 4 ಎಂಎಲ್. ಶೇಕಡಾವಾರು ಬರೆಯದ ನೀಲಿ ಬಾಟಲಿಗಳೂ ಸಿಗುತ್ತವೆ, ಕೊಳ್ಳದಿರುವುದೇ ಲೇಸು. ಮುಖ್ಯ ತೊಟ್ಟಿಗೆ ಇದನ್ನು ಹಾಕಿದರೆ ಫಿಲ್ಟರಿನಲ್ಲಿ ಅಮೋನಿಯಾ ಕಡಿಮೆ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ, ಸಿಲಿಕಾನ್ ಅಂಟು ಖಾಯಂ ನೀಲಿಯಾಗುತ್ತದೆ. ಟಬ್ಬಿನ ಸ್ಪಾಂಜಿಗೂ ಅದೇ ಗತಿ, ಆದ್ದರಿಂದ ಅಲ್ಲಿ ದಿನವೂ ಅಮೋನಿಯಾ ನೋಡಿ, ಕಾಲು ಭಾಗ ನೀರು ಬದಲಿಸಿ, ಆ 5 ಲೀಟರಿಗೆ ಸರಿಯಾಗಿ 1 ಎಂಎಲ್ ಸೇರಿಸಿ. ಬದಲಿಸುವ ನೀರು ದಾವಣಗೆರೆಯ ನಲ್ಲಿಯದಾದರೆ ಕ್ಲೋರಿನ್ ಇರುತ್ತದೆ. ಒಂದು ದಿನ ಡ್ರಮ್ಮಿನಲ್ಲಿಟ್ಟು ಗಾಳಿ ಬಿಡಿ, ಇಲ್ಲವೇ ಆಂಟಿ-ಕ್ಲೋರಿನ್ ಹಾಕಿ. ನೋಯುವ ಕಿವಿರಿಗೆ ಕ್ಲೋರಿನ್ ಇನ್ನೊಂದು ಏಟು.

ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕುವ ರೂಢಿಯನ್ನು ಬಿಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದುಕೊಳ್ಳುತ್ತವೆ. ಹೀಟರಿನ ಗಾಜಿಗೆ ಬಿಳಿ ಪದರ ಕಟ್ಟುವ ಬೋರ್ ನೀರಿನಲ್ಲಿ ಮೀನಿಗೆ ಸಿಗುವುದು ಬಹಳ ಕಡಿಮೆ, ಉಳಿದದ್ದು ಬೆಳಕಿಗೆ ಕಂದು ನೊರೆಯಾಗುತ್ತದೆ. ಆಂಟಿಬಯಾಟಿಕ್ ಬೇಕೇ ಆದರೆ ಪಶುವೈದ್ಯರನ್ನು ಕೇಳಿ. ಫಾರ್ಮಲಿನ್ ಮನೆಗೆ ತರಲೇಬೇಡಿ. ಅದರ ಆವಿ ನಮಗೆ ಕೆಟ್ಟದ್ದು, ನೀರಿನ ಆಮ್ಲಜನಕವನ್ನೂ ತಗ್ಗಿಸುತ್ತದೆ, ತಳದಲ್ಲಿ ಬಿಳಿ ಗಸಿ ನಿಂತ ಬಾಟಲಿಯಂತೂ ಮೀನಿಗೆ ನೇರ ವಿಷ.

ಹಾಕುವ ದಿನ

ಬೆಳಿಗ್ಗೆ ಹಾಕಿ, ರಾತ್ರಿ ಮಲಗುವ ಮುಂಚೆ ಅಲ್ಲ. ಮೊದಲು ಫಿಲ್ಟರಿನ ಕಾರ್ಬನ್ (ನೀರು ಸೋಸುವ ಇದ್ದಿಲು) ತೆಗೆಯಿರಿ, ಇಲ್ಲದಿದ್ದರೆ ಕಾಸು ಕೊಟ್ಟ ಔಷಧಿಯನ್ನು ಅದೇ ತಿಂದುಬಿಡುತ್ತದೆ. ಸ್ಪಾಂಜ್ ಇರಲಿ. ಮೊದಲ ಒಂದು ಗಂಟೆ ಅಲ್ಲಿಯೇ ಇರಿ. ಮೀನು ಹಾರಿದರೆ, ಮಗುಚಿದರೆ, ಮೇಲೆ ಬಂದು ಏದುಸಿರು ಬಿಟ್ಟರೆ ಅರ್ಧ ನೀರು ಬದಲಿಸಿ, ಕಾರ್ಬನ್ ಮತ್ತೆ ಹಾಕಿ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ನೀರು 31-32 ಡಿಗ್ರಿ ಮುಟ್ಟುವಾಗ ಆಮ್ಲಜನಕ ಮೊದಲೇ ಕಡಿಮೆ, ಎರಡನೇ ಏರ್ ಸ್ಟೋನ್ ಬೇಕೇ ಬೇಕು.

ಎರಡು ಔಷಧಿ ಒಟ್ಟಿಗೆ ಬೇಡ. ಒಂದು ಫಲಿಸದಿದ್ದರೆ ಅರ್ಧ ನೀರು ಬದಲಿಸಿ, ಒಂದು ದಿನ ಕಾರ್ಬನ್ ಓಡಿಸಿ, ಆಮೇಲೆ ಕಾರ್ಬನ್ ತೆಗೆದು ಇನ್ನೊಂದು ಹಾಕಿ. ತಾಮ್ರ ಇರುವ ಔಷಧಿ ಸೀಗಡಿ, ಬಸವನಹುಳು ಇರುವ ತೊಟ್ಟಿಗೆ ಯಾವತ್ತೂ ಸಲ್ಲ.

ಔಷಧಿಯ ನೀರನ್ನು ಕೆರೆಗೆ, ಬಾವಿಗೆ ಚೆಲ್ಲಬೇಡಿ, ಶೌಚಾಲಯಕ್ಕೆ ಸುರಿಯಿರಿ. ಬಳಸಿದ ಬಲೆ, ಟಬ್ಬು, ಪೈಪು ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿಡಿ, ಒದ್ದೆ ಬಲೆಯಿಂದಲೇ ಇಕ್ ಇನ್ನೊಂದು ತೊಟ್ಟಿಗೆ ದಾಟುತ್ತದೆ. ಮುಂದೆ ಅಂಗಡಿಯಿಂದ ಹೊಸ ಮೀನು ತಂದಾಗ ಅದೇ ಟಬ್ಬಿನಲ್ಲಿ ಮೂರು ವಾರ ಬೇರೆ ಇಟ್ಟು ಆಮೇಲೆ ಬಿಡಿ.