ಹಳೆಯ ಕಾರು, ಇ20 ಪೆಟ್ರೋಲ್ ಮತ್ತು ಮಳೆಗಾಲ

ಗುಂಪಿನ ಸದಸ್ಯರಿಗೆ ನಮಸ್ಕಾರ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಬಹುತೇಕ ಎಲ್ಲ ಬಂಕುಗಳಿಗೂ ಬಂದಿರುವುದರಿಂದ, ಅದಕ್ಕಿಂತ ಹಳೆಯ ಕಾರು ಇಟ್ಟುಕೊಂಡವರು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಎಥೆನಾಲ್‌ನಲ್ಲಿರುವ ಶಕ್ತಿ ಅಷ್ಟೇ ಪ್ರಮಾಣದ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಮೈಲೇಜ್ ತುಸು ಇಳಿದ ಮಾತ್ರಕ್ಕೆ ಗಾಬರಿಯಾಗಿ ಎಂಜಿನ್ ಬಿಚ್ಚಿಸಬೇಕಾಗಿಲ್ಲ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಂದರೆ ಓಡುವ ಕಾರಿಗಿಂತ ನಿಂತ ಕಾರಿಗೇ ಹೆಚ್ಚು. ಎಥೆನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು, ಇಂಧನ ಪಂಪ್ ಹೀರುವ ಟ್ಯಾಂಕಿನ ತಳಕ್ಕೇ ಇಳಿದು, ಎಂಜಿನ್ ಸ್ಟಾರ್ಟ್ ಆಗದಿರುವುದಕ್ಕೂ ತುಕ್ಕಿಗೂ ಕಾರಣವಾಗಬಹುದು. ಕರಾವಳಿ ಮತ್ತು ಮಲೆನಾಡಿನಲ್ಲಿರುವವರು ಮಳೆಗಾಲದಲ್ಲಿ ಅರೆಖಾಲಿ ಟ್ಯಾಂಕಿನೊಂದಿಗೆ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಟ್ಯಾಂಕ್ ತುಂಬಿದ್ದರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ವಾರಕ್ಕೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ. ಮನೆಯ ಮುಂದೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ಹಳೆಯ ಕಾರುಗಳ ರಬ್ಬರ್ ಪೈಪು ಮತ್ತು ಸೀಲುಗಳು ಎಥೆನಾಲ್‌ನಿಂದ ಉಬ್ಬಿ ಬಿರುಕು ಬಿಡುವ ಸಾಧ್ಯತೆ ಇರುವುದರಿಂದ, ಪ್ರತಿ ಸರ್ವಿಸ್‌ನಲ್ಲೂ ಅವನ್ನು ಪರೀಕ್ಷಿಸುವಂತೆ ಮೆಕ್ಯಾನಿಕ್‌ಗೆ ಹೇಳಿ. ಟ್ಯಾಂಕಿನ ಹಳೆಯ ಕೊಳೆಯನ್ನೂ ಎಥೆನಾಲ್ ಸಡಿಲಿಸುತ್ತದೆಯಾದ್ದರಿಂದ ಇಂಧನ ಫಿಲ್ಟರ್ ಬೇಗ ಕಟ್ಟಿಕೊಳ್ಳಬಹುದು. ಕಾರಿನ ಒಳಗೆ ಪೆಟ್ರೋಲ್ ವಾಸನೆ ಬಂದರೆ ಮಾತ್ರ ಸರ್ವಿಸ್ ದಿನಕ್ಕಾಗಿ ಕಾಯದೆ ಅಂದೇ ತೋರಿಸಿ.