ಆಸಿಡ್ ಮುಟ್ಟದೆ ಆನೆ ಪೈಸೆ ಓದಿದ್ದು

ಹುಳಿ, ಆಸಿಡ್ ಯಾವುದೂ ಇಲ್ಲದೆ, ಆನೆ ಚಿತ್ರವಿರೋ ಟಿಪ್ಪು ಸುಲ್ತಾನನ ತಾಮ್ರದ ಪೈಸೆಯ ಟಂಕಸಾಲೆ ಹೆಸರು ಓದಿ ತೋರಿಸ್ತೀನಿ ಅಂದಾಗ ಮೈಸೂರಿನ ನಾಣ್ಯದ ಗೆಳೆಯರು ನಕ್ಕಿದ್ದರು. ಈಗ ಅವರೇ ಡಬ್ಬಿ ಹಿಡಿದು ನಮ್ಮನೆಗೆ ಬರ್ತಾರೆ.

ಶ್ರೀರಂಗಪಟ್ಟಣದ ಹಳೇ ಸಾಮಾನಿನ ವ್ಯಾಪಾರಿಯ ಹತ್ತಿರ ಕಿಲುಬು ಕಟ್ಟಿದ ಪೈಸೆಗಳ ರಾಶಿ ಇತ್ತು. ಒಂದಕ್ಕೆ ₹40, ಒಟ್ಟು ₹3,000ದ ಹತ್ತಿರ ಆಯ್ತು. (ಹೊಲದಲ್ಲಿ ಸಿಕ್ಕಿದ ನಿಧಿ ಅಂತ ತಂದರೆ ಮುಟ್ಟಲ್ಲ, ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ.)

ಹುಣಸೆಹಣ್ಣಿಗೆ ನಾಲ್ಕೈದು ಸವೆದ ಬಿಲ್ಲೆ ಬಲಿ ಕೊಟ್ಟೆ. ಮದುವೆ ಮನೆ ಕೊಳಗದಂತೆ ಥಳಥಳ, ಆದರೆ ಆನೆಯ ಸೊಂಡಿಲೇ ಮಾಯ. ಅಕ್ಷರದ ಅಂಚು ಉಳಿದಿರೋದೇ ಕಿಲುಬಿನಡಿಯ ಕೆಂಗಂದು ಪದರದಲ್ಲಿ. ಹುಳಿ ಅದನ್ನೂ ತಿಂದುಹಾಕುತ್ತೆ. ಕೊಬ್ಬರಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಇಟ್ಟೆ, ಅಂಟು ಬಿಟ್ಟರೆ ಏನೂ ದಕ್ಕಲಿಲ್ಲ.

ಕೈ ಹಿಡಿದದ್ದು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು ಬೇಡ, ಅದರ ಕ್ಲೋರೈಡ್ ಮತ್ತೆ ಹಸಿರು ಪುಡಿ ಎಬ್ಬಿಸುತ್ತೆ. ವಾರಕ್ಕೊಮ್ಮೆ ನೀರು ಬದಲಿಸುತ್ತಾ ಎರಡು ಮೂರು ತಿಂಗಳು ಕಾಯಬೇಕು. ಆಮೇಲೆ ಒದ್ದೆಯಿದ್ದಾಗಲೇ ಭೂತಗನ್ನಡಿ ಕೆಳಗೆ ಮುಳ್ಳಿನಿಂದ ಬಿಡಿಸೋದು. ಯಾವ ಗಿಡದ ಮುಳ್ಳು, ಕೊನೇ ವಾರ ನೀರಿಗೆ ಏನು ಬೆರೆಸ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಒಣಗಿದ ಮೇಲೆ ತೆಳ್ಳಗೆ ಮೇಣ.

ಅರ್ಧಕ್ಕಿಂತ ಹೆಚ್ಚು ಬಾಯಿಬಿಟ್ಟವು. ಬಹುಪಾಲು ಪಟನ್, ಅಂದರೆ ಶ್ರೀರಂಗಪಟ್ಟಣ; ಒಂದು ನಗರ, ಅಂದರೆ ಬಿದನೂರು; ಒಂದು ಫೈಜ್ ಹಿಸಾರ್, ಅಂದರೆ ಆಂಧ್ರದ ಗುತ್ತಿ. ಒಂದರಲ್ಲಿ ಇಸವಿ 8121 ಅಂತ ಕಂಡಿತು. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿ ಬಲದಿಂದ ಎಡಕ್ಕೆ, ಹಾಗಾಗಿ 1218. ನಮ್ಮ 1790ರ ಆಸುಪಾಸು. ಈ ಪೈಸೆಗಳಲ್ಲಿ ಟಿಪ್ಪು ಹೆಸರೂ ಇಲ್ಲ, ಮೊಗಲ್ ಬಾದಶಹನ ಹೆಸರೂ ಇಲ್ಲ. ಸಂತೆಯಲ್ಲಿ ಸೊಪ್ಪು ಕೊಳ್ಳೋರಿಗೆ ನಾಣ್ಯದ ಪಾರ್ಸಿ ಬರಹ ಓದಲು ಬರಬೇಕಿರಲಿಲ್ಲ, ಆನೆ ಸಾಕಿತ್ತು. ರಾಶಿಯಲ್ಲೇ ಒಂದರ ಆನೆ ಮೇಲೆ ಕನ್ನಡದ 'ಶ್ರೀ' ಎದ್ದಿತು: ಮುಮ್ಮಡಿ ಕೃಷ್ಣರಾಜರದ್ದು. 1799ರಲ್ಲಿ ರಾಜ್ಯ ಕೈ ಬದಲಾದರೂ ತಾಮ್ರದ ಮೇಲಿನ ಆನೆ ಕದಲಲಿಲ್ಲ.

ನಡುವೆ ತೂಕದ ಹುಚ್ಚು ಹತ್ತಿತು. ಚಿನಿವಾರರ ಪುಟ್ಟ ತಕ್ಕಡಿ ₹600 ಇರಬೇಕು. ಪೈಸೆ 11 ಗ್ರಾಂ ಹತ್ತಿರ, ಜೋಡಿ ಪೈಸೆ ಅದರ ಎರಡರಷ್ಟು. ಪೂರ್ತಿ ಸವೆದದ್ದನ್ನೂ ಹೀಗೆ ವಿಂಗಡಿಸಬಹುದು. ಸವಕಳಿಗೆ ಒಂದು ಗ್ರಾಂ ಬಿಡಿ.

ಹತ್ತನ್ನು ₹400-500ರಂತೆ ಮಾರಿದೆ, ಹಾಕಿದ್ದು ಬಂತು. ನಗರದ್ದನ್ನು ಎಷ್ಟು ಕೊಟ್ಟರೂ ಕೊಡಲ್ಲ.

ಚಂದ್ರವಳ್ಳಿ ಕಡೆಯ ಸೀಸದ ನಾಣ್ಯ ಇಟ್ಟುಕೊಂಡವರು ಇದನ್ನು ಮಾಡಬೇಡಿ. ಡಿಸ್ಟಿಲ್ಡ್ ವಾಟರ್ ಸೀಸವನ್ನೇ ಕರಗಿಸುತ್ತೆ.